ಇನ್ನೊಬ್ಬರ ಹೆಸರಿನ ಆಟ

ಮುಂಬಯಿಯ ಸಾಂತಾಕ್ರೂಜ್ ಪೂರ್ವದಲ್ಲಿ, ವಿಮಾನಗಳು ಚಕ್ರ ಇಳಿಬಿಟ್ಟುಕೊಂಡು ಕಟ್ಟಡಗಳ ತಲೆ ಸವರಿ ಹೋಗುವ ಕಡೆ, ಒಂದು ವ್ಯಾಯಾಮ ಸಂಘದ ಮೈದಾನವಿದೆ. ಮೈದಾನದ ಮೂಲೆಯಲ್ಲಿ ಕೆಮ್ಮಣ್ಣಿನ ವಾಲಿಬಾಲ್ ಕೋರ್ಟು. ಸಂಜೆ ಹೊತ್ತು ಅದು ಹುಡುಗಿಯರದು. ಅವರಿಗೆ ಆಟ ಕಲಿಸುವ ಆರಿಫಾ ಸಯನ್‌ನಿಂದ ಬಸ್ಸಿನಲ್ಲಿ ಬರುತ್ತಾಳೆ, ಹೆಗಲಿಗೆ ನೆಟ್ಟಿನ ಚೀಲ ಹಾಕಿಕೊಂಡು. ನೆಟ್ಟನ್ನು ಸಂಘದ ಕೋಣೆಯಲ್ಲಿ ಬಿಟ್ಟು ಹೋಗುವುದಿಲ್ಲ. ಒಮ್ಮೆ ಬಿಟ್ಟಿದ್ದಾಗ ಗಣಪತಿ ಮಂಡಳಿಯ ಹುಡುಗರು ಅದನ್ನು ಒಯ್ದು, ಚೆಂಡುಹೂವು ಸಿಕ್ಕಿಸಿ, ಮಂಟಪದ ಹಿಂದೆ ಪರದೆ ಮಾಡಿದ್ದರು. ಮರಳಿ ಬಂದಾಗ ಅದರಲ್ಲಿ ತಲೆ ತೂರುವಷ್ಟು ದೊಡ್ಡ ತೂತುಗಳಿದ್ದವು.

ಐವತ್ತು ದಾಟಿದ ಹೆಂಗಸು. ಸಲವಾರದ ಮೇಲೆ ಗಂಡನ ಹಳೆಯ ಅಂಗಿ, ತಲೆಗೆ ಬಿಗಿಯಾಗಿ ಸುತ್ತಿದ ದುಪಟ್ಟಾ, ಕೊರಳಲ್ಲಿ ಸೀಟಿ. ಹುಡುಗಿಯರನ್ನು ಆಕೆ ಹೊಗಳಿದ್ದನ್ನು ಯಾರೂ ಕೇಳಿಲ್ಲ. ಚೆನ್ನಾಗಿ ಆಡಿದವಳಿಗೆ ‘ಮುಂದಿನದು’ ಎನ್ನುತ್ತಾಳೆ, ಕೆಟ್ಟದಾಗಿ ಆಡಿದವಳಿಗೆ ‘ಇನ್ನೊಮ್ಮೆ’ ಎನ್ನುತ್ತಾಳೆ. ಆ ಎರಡು ಮಾತಿನ ನಡುವೆ ಬದುಕುವುದನ್ನು ಹುಡುಗಿಯರು ಕಲಿತಿದ್ದಾರೆ.

ಆರಿಫಾ ಇಂಡಿ ತಾಲೂಕಿನವಳು. ಅಣ್ಣ ಯೂನುಸ ಊರಿನ ವಾಲಿಬಾಲ್ ತಂಡ ಕಟ್ಟಿದವನು. ಆ ಸೀಮೆಯ ಪಂದ್ಯಗಳಲ್ಲಿ ಪಕ್ಕದ ಊರಿನ ಒಳ್ಳೆಯ ಆಟಗಾರನನ್ನು ಕರೆತಂದು, ತಮ್ಮೂರವನೊಬ್ಬನ ಹೆಸರು ಹೇಳಿಸಿ ಆಡಿಸುವುದು ರೂಢಿಯಾಗಿತ್ತು. ಅದನ್ನು ಮೋಸ ಎನ್ನುತ್ತಿರಲಿಲ್ಲ, ತಂಡ ಕಟ್ಟುವ ಜಾಣತನ ಎನ್ನುತ್ತಿದ್ದರು. ತಂಗಿ ತನಗಿಂತ ಎತ್ತರ ಹಾರಿ ಚೆಂಡು ಹೊಡೆಯುತ್ತಾಳೆಂದು ಗೊತ್ತಾದಾಗ ಯೂನುಸನಿಗೆ ಹಿಗ್ಗಾಯಿತು, ಹೆದರಿಕೆಯೂ ಆಯಿತು. ಶಾಲೆಯ ಪಂದ್ಯವೆಂದರೆ ಮೈಕಿನಲ್ಲಿ ಹೆಸರು ಕೂಗುತ್ತಾರೆ, ಗೆದ್ದರೆ ಪೇಪರಿನಲ್ಲಿ ಹಾಕುತ್ತಾರೆ. ಜಮಾತಿನ ಹಿರಿಯರು ಓದಿದರೆ ಅಬ್ಬಾನಿಗೆ ಉತ್ತರ ಕೊಡುವುದು ಕಷ್ಟ. ಅವನು ರೂಢಿಯ ದಾರಿಯನ್ನೇ ಹಿಡಿದ. ಪಕ್ಕದ ಮನೆಯ ಮಹಾದೇವಿ ಆರಿಫಾಳದೇ ತರಗತಿಯವಳು, ಚೆಂಡನ್ನು ಕೈಯಿಂದ ಮುಟ್ಟಿದವಳಲ್ಲ. ಆರಿಫಾ ಮಹಾದೇವಿಯಾಗಿ ತಾಲೂಕು ಆಡಿದಳು, ಜಿಲ್ಲೆ ಆಡಿದಳು, ವಿಭಾಗ ಮಟ್ಟದಲ್ಲಿ ಗೆದ್ದಳು.

‘ಆಟ ನಿಂದು. ಹೆಸರು ಯಾರದಾದ್ರ ಏನು?’ ಎಂದಿದ್ದ ಯೂನುಸ. ಅವಳು ತಲೆ ಅಲ್ಲಾಡಿಸಿದ್ದಳು. ಒಪ್ಪಿದೆಯಾ ಎಂದು ಅವನು ಕೇಳಿರಲಿಲ್ಲ.

ಆಟಗಾರರಿಗೆಂದು ಸರಕಾರಿ ಕೆಲಸಗಳು ಬಂದಾಗ ಅವಳ ಹತ್ತಿರ ಒಂದು ಕಟ್ಟು ಪ್ರಶಸ್ತಿಪತ್ರಗಳಿದ್ದವು, ಎಲ್ಲವೂ ಮಹಾದೇವಿಯವು. ಮರುವರ್ಷ ಅವನ್ನು ಯೂನುಸನೇ ಎತ್ತಿ ಮಹಾದೇವಿಯ ಕೈಗಿಟ್ಟ. ‘ಮನ್ಯಾಗ ಇಟ್ಕೊಂಡು ಉಪ್ಪಿನಕಾಯಿ ಹಾಕೂದೈತೇನು? ಒಬ್ರಿಗರ ಉಪಯೋಗ ಆಗ್ಲಿ’ ಎಂದ. ಮಹಾದೇವಿಗೆ ಕೆಲಸ ಸಿಕ್ಕಿತು. ಈಗ ಅವಳು ವಿಜಯಪುರದಲ್ಲಿ ಮಾಳಿಗೆ ಮನೆ ಕಟ್ಟಿಸಿ, ಮೇಲಿನ ಹುದ್ದೆಯಲ್ಲಿದ್ದಾಳೆ. ರಮಜಾನಿಗೆ ತಪ್ಪದೆ ಫೋನು ಮಾಡುತ್ತಾಳೆ.

‘ಆರಿ, ಇದೆಲ್ಲಾ ನಿನ್ನ ಪುಣ್ಯಾನ ನೋಡವಾ.’

‘ಛಲೋ ಆತು. ಆರಾಮ ಇರು’ ಎನ್ನುತ್ತಾಳೆ ಆರಿಫಾ. ಫೋನು ಇಟ್ಟ ಮೇಲೆ ಅವಳು ಪಾತ್ರೆ ತೊಳೆಯುವ ಸದ್ದು ಜೋರಾಗುತ್ತದೆ. ಫ್ರಿಜ್ ರಿಪೇರಿ ಮಾಡುವ ಗಂಡ ನವಾಜ ಆ ಹೊತ್ತಿನಲ್ಲಿ ಚಾ ಕೇಳುವುದಿಲ್ಲ.

ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಆಕೆ ಇಬ್ಬರು ಗಂಡುಮಕ್ಕಳನ್ನು ಬೆಳೆಸಿದಳು. ಅವರು ಕೈಗೆ ಬಂದು ದುಬೈಗೆ ಹೋದ ಮೇಲೆ, ನೆರೆಮನೆಯ ಹುಡುಗಿಯನ್ನು ಆಟಕ್ಕೆ ಬಿಡಲೆಂದು ಈ ಮೈದಾನಕ್ಕೆ ಬಂದವಳು ಇಲ್ಲೇ ನಿಂತುಬಿಟ್ಟಳು. ಇದ್ದ ಮಾಸ್ತರು ಬಿಟ್ಟು ಹೋದರು. ಸೀಟಿ ಇವಳ ಕೊರಳಿಗೆ ಬಂತು. ತನ್ನದೆಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಈ ಕೋರ್ಟು ಒಂದೇ.

ಅದನ್ನೇ ಕಿತ್ತುಕೊಳ್ಳುವ ಮಾತು ಕಳೆದ ಮಳೆಗಾಲದ ನಂತರ ಬಂತು. ಸಂಘದ ಕಾರ್ಯದರ್ಶಿ ಹಿತೇಶ್ ಕೆಟ್ಟವನಲ್ಲ. ಗುಜರಾತಿನವನು, ಹೆಂಗಸರನ್ನೆಲ್ಲ ಬೆನ್, ಅಂದರೆ ಅಕ್ಕ, ಎಂದು ಕರೆದು ಎಲ್ಲರ ಮಾತಿಗೂ ಹೌದು ಎನ್ನುವವನು. ಅವನು ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೋರ್ಟಿನ ಪಕ್ಕ ಕುಳಿತಾಗಲೇ ಆರಿಫಾಳಿಗೆ ಏನೋ ಇದೆ ಎನ್ನಿಸಿತು.

‘ಆರಿಫಾ ಬೆನ್, ಕಮಿಟಿಯವರು ಇಲ್ಲಿ ಪ್ಲಾಸ್ಟಿಕ್ ಹುಲ್ಲಿನ ಟರ್ಫ್ ಹಾಕಿಸಿ ಬಾಕ್ಸ್ ಕ್ರಿಕೆಟ್ಟಿಗೆ ಬಾಡಿಗೆ ಕೊಡೋಣ ಅಂತಿದ್ದಾರೆ.’

‘ಆ ಮೂಲೆ ಖಾಲಿ ಇದೆ. ಅಲ್ಲಿ ಹಾಕಿ.’

‘ನಾನೂ ಅದನ್ನೇ ಹೇಳಿದೆ. ವಾಲಿಬಾಲ್ ಹುಡುಗಿಯರು ಏನು ಗೆದ್ದಿದ್ದಾರೆ ಅಂತ ಕೇಳ್ತಾರೆ. ನಾನೇನು ಹೇಳಲಿ? ಜನವರಿಯಲ್ಲಿ ಉಪನಗರ ಚಷಕದ ಪಂದ್ಯಾವಳಿ ಇದೆ. ಅದನ್ನು ತನ್ನಿ, ಆಮೇಲೆ ಕೋರ್ಟು ಮುಟ್ಟೋಕೆ ಯಾರಿಗೂ ಬಿಡಲ್ಲ. ಕಮಿಟಿಯಿಂದ ಮಾತು ತಗೊಂಡಿದ್ದೇನೆ.’

ಹಿತೇಶ್ ಎದ್ದು ಹೋದ. ಆ ವರ್ಷ ತಂಡದಲ್ಲಿ ಚೆಂಡು ಎತ್ತಿಕೊಡುವವಳಿದ್ದಳು, ಹೊಡೆಯುವವಳಿರಲಿಲ್ಲ. ಎತ್ತಿಕೊಡುವವಳು ನಾಯಕಿ ನಿಖತ, ಕಲಬುರಗಿ ಕಡೆಯ ರಿಕ್ಷಾದವನ ಮಗಳು, ಬಾಂದ್ರಾದ ಕಾಲೇಜಿನಲ್ಲಿ ಓದುತ್ತಿದ್ದವಳು. ಹೊಡೆಯುತ್ತಿದ್ದ ಇಬ್ಬರಲ್ಲಿ ಒಬ್ಬಳ ಮದುವೆಯಾಗಿತ್ತು, ಇನ್ನೊಬ್ಬಳ ಮೊಣಕಾಲು ಹೋಗಿತ್ತು.

ದೀಪಾವಳಿ ಮುಗಿದ ವಾರ ಬೋರಮ್ ಬಂದಳು.

ತಾಯಿ ಕರೆತಂದಿದ್ದಳು. ಕೊರಿಯಾದವರು. ತಂದೆಗೆ ಬಾಂದ್ರಾದ ಒಂದು ಕೊರಿಯನ್ ಕಂಪನಿಯ ಆಫೀಸಿನಲ್ಲಿ ಕೆಲಸ, ಮನೆ ಇಲ್ಲೇ ಹತ್ತಿರದ ಎತ್ತರದ ಕಟ್ಟಡದಲ್ಲಿ. ತಾಯಿ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು: ಮಗಳಿಗೆ ಹದಿನಾರು. ಇಂಚಿಯೋನ್ ಊರಿನಲ್ಲಿ ಶಾಲೆಯ ತಂಡದಲ್ಲಿ ಆಡುತ್ತಿದ್ದಳು. ಇಲ್ಲಿ ಸೇರಿಸಿದ ದೊಡ್ಡ ಶಾಲೆಯಲ್ಲಿ ಈಜು, ಟೆನಿಸ್ಸು ಇವೆ, ಎಲ್ಲವೂ ಒಬ್ಬೊಬ್ಬರೇ ಆಡುವಂಥವು. ಈ ದೇಶಕ್ಕೆ ಬಂದಾಗಿನಿಂದ ಮನೆಯಲ್ಲೂ ಮಾತಾಡುತ್ತಿಲ್ಲ. ಹುಡುಗಿ ತಾಯಿಯ ಹಿಂದೆ ನಿಂತು ನೆಟ್ಟನ್ನೇ ನೋಡುತ್ತಿದ್ದಳು. ಅದರ ಒಂದು ತುದಿ ಜೋತುಬಿದ್ದಿತ್ತು. ಅದು ಅವಳ ಕಣ್ಣಿಗೆ ಚುಚ್ಚುತ್ತಿದೆಯೆಂದು ಆರಿಫಾಳಿಗೆ ಗೊತ್ತಾಯಿತು. ‘ಹೋಗಿ ಬಿಗಿ’ ಎಂದಳು ಹಿಂದಿಯಲ್ಲಿ, ಕೈಸನ್ನೆ ಮಾಡಿ. ಹುಡುಗಿ ಓಡಿಹೋಗಿ ಬಿಗಿದಳು. ಸೇರಿಸಿಕೊಂಡದ್ದು ಹಾಗೆ.

ಮರುದಿನ ಆರಿಫಾ ಬರುವ ಹೊತ್ತಿಗೆ ಕೋರ್ಟಿನ ಮೇಲೆ ಜಗಳ ನಡೆದಿತ್ತು. ಮೈದಾನದ ಕಸ ಗುಡಿಸುವ ಸೋಮವ್ವ ಪೊರಕೆಯ ಒಂದು ತುದಿ ಹಿಡಿದಿದ್ದಳು, ಬೋರಮ್ ಇನ್ನೊಂದು ತುದಿ.

‘ಏನ್ರೀ ಅಕ್ಕಾರ, ನನ್ನ ಹೊಟ್ಟಿ ಮ್ಯಾಲ ಹೊಡಿಯಾಕ ಬಂದಾಳೇನ್ರಿ ಈ ಚೀನಾದಕಿ?’

‘ಚೀನಾ ಅಲ್ಲ ಸೋಮವ್ವ, ಕೊರಿಯಾ. ಬೋರಮ್ ಅಂತ ಹೆಸರು.’

‘ಬೋರವ್ವ ಏನ್ರಿ? ನಮ್ಮ ಅತ್ತಿ ಹೆಸರೂ ಬೋರವ್ವನ. ಅಕಿ ಹುಟ್ಟಿದಾಗಿಂದ ಕಸಬರಿಗಿ ಮುಟ್ಟಲಿಲ್ಲ ಬಿಡ್ರಿ.’ ಸೋಮವ್ವ ಪೊರಕೆ ಬಿಟ್ಟುಕೊಟ್ಟಳು. ‘ಹೊಡಿ ತಂಗಿ, ಹೊಡಿ. ಆ ಹೆಸರಿನ ಪಾಪ ತೊಳೀಲಿ.’

ಅವರ ದೇಶದ ತಂಡಗಳಲ್ಲಿ ಹೊಸಬಳು ಮೊದಲು ಬಂದು ಅಂಗಳ ಗುಡಿಸಬೇಕು, ಚೆಂಡು ಒರೆಸಬೇಕು, ನೆಟ್ಟು ಕಟ್ಟಬೇಕು, ಹಿರಿಯಳು ಕರೆಯುವವರೆಗೆ ಗೆರೆಯ ಹೊರಗೆ ನಿಲ್ಲಬೇಕು. ಬೋರಮ್ ಮೊದಲ ದಿನವೇ ಒಬ್ಬೊಬ್ಬರ ಹತ್ತಿರ ಹೋಗಿ ಹುಟ್ಟಿದ ವರ್ಷ ಕೇಳಿದ್ದು ಅದಕ್ಕೇ. ತನಗಿಂತ ದೊಡ್ಡವರನ್ನೆಲ್ಲ ‘ಒನ್ನಿ’ ಎಂದಳು. ಅಕ್ಕ ಎಂದರ್ಥ. ಆರಿಫಾಳನ್ನು ಕಂಡರೆ ಸೊಂಟ ಬಾಗಿಸಿ, ಅವಳು ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಂಡು, ತಮ್ಮ ಭಾಷೆಯಲ್ಲಿ ‘ಸೊನ್‌ಸೇಂಗ್‌ನಿಮ್’ ಎನ್ನುತ್ತಿದ್ದಳು. ಅದು ಗುರುಗಳನ್ನು ಕರೆಯುವ ಮಾತು.

ನಮ್ಮ ಹುಡುಗಿಯರಿಗೆ ಇಷ್ಟು ಸಾಕಾಯಿತು. ಕೆಲವು ದಿನ ಚೆಂಡು ಹೆಕ್ಕುವುದು, ನೀರಿನ ಬಾಟಲಿ ತುಂಬುವುದು, ಚಪ್ಪಲಿ ಸಾಲು ಮಾಡುವುದು ಎಲ್ಲ ಅವಳದಾಯಿತು. ಆಟಕ್ಕೆ ಯಾರೂ ಕರೆಯಲಿಲ್ಲ. ಅವಳು ಕಾದಳು.

‘ಮ್ಯಾಡಮ್, ಇಕಿ ಆಡಾಕ ಬಂದಾಳ ಯಾ ಝಾಡೂ ಮಾರ್‌ನೇಕು?’ ಎಂದಳು ನಿಖತ, ಆಡಲಿಕ್ಕೋ ಗುಡಿಸಲಿಕ್ಕೋ ಎಂಬರ್ಥದಲ್ಲಿ. ಅವಳ ಕನ್ನಡ ಒಂದೆರಡು ಮಾತಿಗೆ ಮುಗಿಯುತ್ತಿತ್ತು. ಉಳಿದದ್ದನ್ನು ಮನೆಯ ದಖ್ಖನಿ ತುಂಬಿಕೊಡುತ್ತಿತ್ತು.

‘ಯಾಕೆ ಹೊರಗೆ ನಿಂತಿದ್ದೀ?’ ಎಂದು ಆರಿಫಾ ಬೋರಮ್‌ಳನ್ನು ಕೇಳಿದಳು.

‘ಒನ್ನಿ ಕರೆಯಲಿಲ್ಲ’ ಎಂದಳು ಹುಡುಗಿ, ಹರಕು ಇಂಗ್ಲಿಷಿನಲ್ಲಿ.

‘ನಿಖತ, ಕರಿ.’

ನಿಖತ ಕೈ ಬೀಸಿ ಕರೆದು, ಬೇಕೆಂದೇ ನೆಟ್ಟಿನಿಂದ ದೂರಕ್ಕೆ, ಕೈಗೆ ಸಿಗದ ಹಾಗೆ ಚೆಂಡು ಎತ್ತಿಕೊಟ್ಟಳು. ಬೋರಮ್ ಮೂರು ಹೆಜ್ಜೆ ಓಡಿ ಹಾರಿದಳು. ಚೆಂಡು ಆಚೆ ಕಡೆಯ ಗೆರೆಯ ಒಳಗೆ ಬಿದ್ದು, ಪುಟಿದು, ಕಾಂಪೌಂಡಿನ ತಗಡಿಗೆ ಬಡಿಯಿತು. ಆ ಸದ್ದಿಗೆ ಕ್ರಿಕೆಟ್ ಆಡುತ್ತಿದ್ದ ಗಂಡುಹುಡುಗರು ತಿರುಗಿ ನೋಡಿದರು.

‘ಮುಂದಿನದು’ ಎಂದಳು ಆರಿಫಾ. ಅವಳಿಗೆ ಆಗಲೇ ಚಷಕ ಕಣ್ಣಿಗೆ ಕಂಡಿತ್ತು.

ಆಮೇಲೆ ಅದೇ ಪದ್ಧತಿ ಕಿರಿಯರ ಕಡೆ ತಿರುಗಿತು. ಬೋರಮ್ ಹಿರಿಯರ ಕೆಲಸ ತಾನು ಮಾಡಿದಳು, ಕಿರಿಯರಿಂದ ತನ್ನ ಕೆಲಸ ಮಾಡಿಸಲು ಹೊರಟಳು. ಎಲ್ಲರಿಗಿಂತ ಚಿಕ್ಕವಳಾದ ಅಖ್ತರಿಗೆ ಒರೆಸುವ ಬಟ್ಟೆ ಕೊಟ್ಟು ಚೆಂಡು ತೋರಿಸಿದಾಗ ಅಖ್ತರಿ ಬಟ್ಟೆಯನ್ನು ನೆಲಕ್ಕೆ ಒಗೆದಳು.

‘ನಾನೇನು ಇವಳ ಮನೆ ಕೆಲಸದವಳಾ?’

ಬೋರಮ್‌ಳ ಮುಖ ಕೆಂಪಾಯಿತು. ಆದರೆ ಹೀಗೆ ಜಗಳವಾಡಿದಲ್ಲಿಯೇ ಅವಳಿಗೆ ಬಾಯಿ ಬಂತು. ಹಿಂದಿಯಲ್ಲಿ ಬೈಯಲು ಅಖ್ತರಿಯೇ ಕಲಿಸಿದಳು, ಬೈಸಿಕೊಂಡವಳೂ ಅವಳೇ. ಡಿಸೆಂಬರಿನ ಹೊತ್ತಿಗೆ ಬೋರಮ್ ಸ್ಟೇಷನ್ ಹೊರಗೆ ನಿಂತು ವಡಾಪಾವ್ ತಿನ್ನುತ್ತಿದ್ದಳು, ಕಣ್ಣಲ್ಲಿ ನೀರು ಬಂದರೂ ಹಸಿಮೆಣಸಿನಕಾಯಿ ಬಿಡುತ್ತಿರಲಿಲ್ಲ. ಚೆಂಡು ಬಂದಾಗ ‘ಮೇರಾ, ಮೇರಾ’, ನನ್ನದು ನನ್ನದು, ಎಂದು ಕೂಗುತ್ತಿದ್ದಳು. ಒಂದು ಸಂಜೆ ತಾಯಿ ಕತ್ತರಿಸಿದ ಹಣ್ಣಿನ ಡಬ್ಬಿ ತಂದಳು. ಮಗಳು ಈಗ ಮನೆಯಲ್ಲಿ ತಮ್ಮನೊಡನೆ ಜಗಳವಾಡುತ್ತಾಳೆ ಎಂದು, ದೊಡ್ಡ ಸುದ್ದಿ ಹೇಳುವವಳಂತೆ ಹೇಳಿದಳು. ‘ಇಲ್ಲಿ ಅವಳಿಗೆ ಒಂದು ಜಾಗ ಸಿಕ್ಕಿತು’ ಎಂದಳು.

ಚಷಕಕ್ಕೆ ಹೆಸರು ಕೊಡುವ ಸಮಯ ಬಂತು. ಆಡುವ ಪ್ರತಿ ಹುಡುಗಿಯ ಆಧಾರ್ ಕಾರ್ಡು ತೋರಿಸಬೇಕೆಂದು ಸಂಘಟಕರ ನಿಯಮ.

‘ಆ ಕೊರಿಯನ್ ಹುಡುಗಿಗೆ ಕಾರ್ಡಿಲ್ಲವಲ್ಲ. ಪಾಸ್‌ಪೋರ್ಟ್ ನಡೆಯುತ್ತದೇನೋ, ಕೇಳಿ ನೋಡಬೇಕು. ಫೋನು ಮಾಡಲಾ, ಬೆನ್?’ ಎಂದ ಹಿತೇಶ್.

‘ಬೇಡ. ಕೇಳಿದರೆ ಇಲ್ಲ ಅಂತಾರೆ. ಕೇಳದಿದ್ದರೆ ಅವರಿಗೆ ಗೊತ್ತೇ ಆಗಲ್ಲ.’

ಇದನ್ನು ಹೇಳಲು ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಅವಳಿಗೆ ಗೊತ್ತಿದ್ದ ದಾರಿ ಅದೊಂದೇ. ಎರಡು ವರ್ಷದ ಹಿಂದೆ ಲಾಲ್ಪುಯಿ ಎಂಬ ಮಿಜೋರಾಮಿನ ಹುಡುಗಿ ತಂಡದಲ್ಲಿದ್ದಳು. ತಾಯಿ ಬಾಂದ್ರಾದ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಬಿಟ್ಟು ಊರಿಗೆ ಮರಳಿದಾಗ ಮಗಳೂ ಹೋದಳು. ಅವಳ ಕಾರ್ಡಿನ ನಕಲು ಆರಿಫಾಳ ಬಳಿ ಉಳಿದಿತ್ತು. ಈ ಊರಿನವರಿಗೆ ಆ ಕಡೆಯ ಮುಖಗಳೆಲ್ಲ ಒಂದೇ. ಲಾಲ್ಪುಯಿಯನ್ನೂ ಬಸ್ಸಿನಲ್ಲಿ ನೇಪಾಳದವಳಾ, ಚೀನಾದವಳಾ ಎಂದು ಕೇಳುತ್ತಿದ್ದರು. ಆಗ ಆರಿಫಾಳಿಗೆ ಸಿಟ್ಟು ಬರುತ್ತಿತ್ತು. ಈಗ ಜನರ ಆ ಕುರುಡೇ ಕೆಲಸಕ್ಕೆ ಬಂತು.

ಅವಳು ಬೋರಮ್‌ಳನ್ನು ಪಕ್ಕಕ್ಕೆ ಕರೆದಳು.

‘ಪಂದ್ಯದಲ್ಲಿ ನಿನ್ನ ಹೆಸರು ಲಾಲ್ಪುಯಿ. ಕರೆದರೆ ಕೈ ಎತ್ತು. ಬೇರೆ ಮಾತು ಬೇಡ.’

‘ಲಾಲ್ಪುಯಿ ಯಾರು?’

‘ಹಿಂದೆ ಇಲ್ಲಿ ಆಡುತ್ತಿದ್ದವಳು. ಊರಿಗೆ ಹೋದಳು.’

‘ಆ ಒನ್ನಿಗೆ ಗೊತ್ತಾ?’

‘ಗೊತ್ತಾಗುವ ಅಗತ್ಯ ಇಲ್ಲ. ವಿದೇಶದವರಿಗೆ ಆಡಲು ಬಿಡುವುದಿಲ್ಲ. ಇದೊಂದೇ ದಾರಿ.’

ಹುಡುಗಿ ನೆಲ ನೋಡಿದಳು. ಆಮೇಲೆ ಸೊಂಟ ಬಾಗಿಸಿ, ‘ನೇ, ಸೊನ್‌ಸೇಂಗ್‌ನಿಮ್’ ಎಂದಳು. ಆಗಲಿ ಗುರುಗಳೇ. ಅವರಲ್ಲಿ ಗುರುವಿಗೆ ಇಲ್ಲ ಎನ್ನುವ ಪದ್ಧತಿಯಿಲ್ಲ. ಆರಿಫಾ ಅದನ್ನು ಒಪ್ಪಿಗೆ ಎಂದುಕೊಂಡಳು. ಅಣ್ಣನ ಮುಂದೆ ತಾನು ತಲೆ ಅಲ್ಲಾಡಿಸಿದ್ದು ಒಪ್ಪಿಗೆಯಾಗಿತ್ತೇ ಎಂದು ಕೇಳಿಕೊಳ್ಳಲಿಲ್ಲ. ಮನೆಯಲ್ಲಿ ಹೇಳಬೇಡ ಎಂದೂ ಹೇಳಿದಳು. ಅದಕ್ಕೂ ಹುಡುಗಿ ಬಾಗಿದಳು.

ಮೊದಲ ಪಂದ್ಯದ ದಿನ ಮೇಜಿನ ಹಿಂದೆ ಕುಳಿತವನು ಕಾರ್ಡಿನ ಚಿತ್ರ ನೋಡಿದ, ಮುಖ ನೋಡಿದ. ‘ನಾರ್ಥ್ ಈಸ್ಟ್?’ ಎಂದ. ಆರಿಫಾ ಹೂಂ ಎಂದಳು. ‘ಇವರು ಆಟದಲ್ಲಿ ಬಹಳ ಗಟ್ಟಿ’ ಎಂದು ಅವನು ನಗುತ್ತ ಮುದ್ರೆ ಒತ್ತಿದ. ಜೆರ್ಸಿಯ ಬೆನ್ನ ಮೇಲೂ ಆ ಹೆಸರೇ ಇತ್ತು.

ತಂಡ ಗೆಲ್ಲುತ್ತ ಹೋಯಿತು. ನಿಖತ ಎತ್ತಿಕೊಟ್ಟಳು, ಬೋರಮ್ ಹೊಡೆದಳು. ಕಾಂಪೌಂಡಿನ ಮೇಲೆ ಕುಳಿತ ಹುಡುಗರು ‘ಲಾಲ್ಪುಯಿ, ಲಾಲ್ಪುಯಿ’ ಎಂದು ಕೂಗಿದರು. ಒಮ್ಮೊಮ್ಮೆ ಅಖ್ತರಿ ಮರೆತು ‘ಬೋರಮ್’ ಎನ್ನಲು ಬಾಯಿ ತೆರೆದು, ಆರಿಫಾಳ ಕಣ್ಣು ಕಂಡು ಮುಚ್ಚುತ್ತಿದ್ದಳು.

ಫೈನಲಿನ ಹಿಂದಿನ ಸಂಜೆ ಬೋರಮ್ ಎಲ್ಲರೂ ಹೋಗುವವರೆಗೆ ಚೆಂಡು ಒರೆಸುತ್ತ ನಿಂತಳು. ಹಿಂದಿಯ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದಳೆಂದು ಕಾಣುತ್ತದೆ.

‘ಸೊನ್‌ಸೇಂಗ್‌ನಿಮ್, ನಾಳೆ ಫೋನಿನಲ್ಲಿ ವಿಡಿಯೋ ಬರುತ್ತದೆ ಅಂತೆ. ಇಂಚಿಯೋನ್‌ನ ನನ್ನ ತಂಡ ನೋಡುತ್ತದೆ. ಅಲ್ಲಿಯ ಸೊನ್‌ಸೇಂಗ್‌ನಿಮ್ ನೋಡುತ್ತಾರೆ.’

‘ನೋಡಲಿ.’

‘ಒಂದು ಪಂದ್ಯ. ನನ್ನ ಹೆಸರು. ಆಗುತ್ತದಾ?’

‘ಹೇಳಿದೆನಲ್ಲ, ವಿದೇಶದವರಿಗೆ ಬಿಡಲ್ಲ. ನಿನ್ನ ಊರಿನವರಿಗೆ ನಿನ್ನ ಮುಖ ಗೊತ್ತಿಲ್ಲವಾ? ಆಟ ನಿನ್ನದು. ಹೆಸರು ಯಾರದಾದರೇನು?’

ಹೇಳಿದ ಮೇಲೆ ಆ ಮಾತು ಯಾರದೆಂದು ಆರಿಫಾಳಿಗೆ ತಿಳಿಯಿತು. ಯೂನುಸನ ಮಾತು, ಭಾಷೆಯಷ್ಟೇ ಬೇರೆ. ಹಿಂತೆಗೆದುಕೊಳ್ಳಲಿಲ್ಲ. ಹುಡುಗಿ ಬಾಗಿ ಹೋದಳು. ಆರಿಫಾ ನೆಟ್ಟು ಬಿಚ್ಚಿ ಮಡಚಿದಳು. ಬಸ್ಸಿನಲ್ಲಿ ಕುಳಿತು, ಕೋರ್ಟು ಉಳಿದರೆ ಇನ್ನೂ ಎಷ್ಟು ಹುಡುಗಿಯರು ಆಡುತ್ತಾರೆ ಎಂದು ತನಗೇ ಹೇಳಿಕೊಂಡಳು. ಅದು ಸುಳ್ಳಲ್ಲ. ಆದರೆ ಅದು ಹುಡುಗಿಯ ಪ್ರಶ್ನೆಗೆ ಉತ್ತರವೂ ಅಲ್ಲ.

ಫೈನಲ್ಲಿಗೆ ಶಾಮಿಯಾನ ಹಾಕಿ, ಕುರ್ಚಿ ಹಾಕಿ, ಮೈಕು ಕಟ್ಟಿದ್ದರು. ಆಟಗಾರ್ತಿಯರ ಹೆಸರು ಒಂದೊಂದಾಗಿ ಕೂಗಿ ಮುಂದೆ ಕರೆಯುವ ಏರ್ಪಾಡು. ಎದುರಾಳಿ ತಂಡದವರನ್ನು ಮೊದಲು ಕರೆದರು. ಅವರಲ್ಲೊಬ್ಬಳು ಕಪ್ಪಗೆ, ಎತ್ತರಕ್ಕೆ, ತಲೆಗೂದಲನ್ನು ಸಣ್ಣ ಜಡೆಗಳಾಗಿ ಹೆಣೆದುಕೊಂಡವಳು.

‘ಇನ್ನು ನಮ್ಮ ವಿಶೇಷ ಅತಿಥಿ ಆಟಗಾರ್ತಿ’ ಎಂದಿತು ಮೈಕು. ‘ಟಾಂಜಾನಿಯಾ ದೇಶದಿಂದ ಓದಲು ಬಂದವಳು, ನೀಮಾ. ಅವಳ ತರಬೇತುದಾರರು ಪಾಸ್‌ಪೋರ್ಟ್ ಜೊತೆ ಅರ್ಜಿ ಕೊಟ್ಟರು, ಸಮಿತಿ ಸಂತೋಷದಿಂದ ಒಪ್ಪಿತು. ಜೋರಾಗಿ ಚಪ್ಪಾಳೆ.’

ಚಪ್ಪಾಳೆ ಬಿತ್ತು. ನೀಮಾ ಎರಡೂ ಕೈ ಮೇಲೆತ್ತಿ ಬೀಸಿದಳು.

ಮೈಕಿನ ಹಿಂದಿ ಬೋರಮ್‌ಳಿಗೆ ಎಷ್ಟು ತಿಳಿಯಿತೋ. ದೇಶದ ಹೆಸರು, ಹುಡುಗಿಯ ಹೆಸರು, ಪಾಸ್‌ಪೋರ್ಟ್ ಎಂಬ ಮಾತು, ಇಷ್ಟು ತಿಳಿದಿರಬೇಕು. ಸಾಲಿನಲ್ಲಿ ನಿಂತಿದ್ದವಳು ತಿರುಗಿ ಆರಿಫಾಳನ್ನು ನೋಡಿದಳು. ಸಿಟ್ಟಿನ ನೋಟವಲ್ಲ. ಗುರು ಹೇಳಿದ್ದರಲ್ಲಿ ತಾನು ಎಲ್ಲಿ ತಪ್ಪು ಅರ್ಥ ಮಾಡಿಕೊಂಡೆ ಎಂದು ಹುಡುಕುವ ವಿದ್ಯಾರ್ಥಿಯ ನೋಟ. ಪಕ್ಕದಲ್ಲಿದ್ದ ಹಿತೇಶ್ ಮೆಲ್ಲಗೆ, ‘ಬೆನ್, ಒಂದು ಫೋನಿನ ಕೆಲಸ ಇತ್ತು’ ಎಂದ. ಅವನೂ ಹಂಗಿಸಲು ಹೇಳಲಿಲ್ಲ.

ಈಗ ಎದ್ದು ನಿಜ ಹೇಳಿದರೆ ತಂಡ ಹೊರಗೆ, ಚಷಕ ಅವರಿಗೆ, ಕೋರ್ಟು ಕ್ರಿಕೆಟ್ಟಿಗೆ. ಆರಿಫಾ ಕುರ್ಚಿಯ ಕೈ ಹಿಡಿದು ಕುಳಿತಳು.

‘ಲಾಲ್ಪುಯಿ’ ಎಂದಿತು ಮೈಕು.

ಬೋರಮ್ ಮುಂದೆ ಬಂದು ಕೈ ಎತ್ತಿದಳು.

ಅಂದು ಅವಳು ಆಡಿದಷ್ಟು ಚೆನ್ನಾಗಿ ಆ ಮೈದಾನದಲ್ಲಿ ಯಾರೂ ಆಡಿರಲಿಲ್ಲ. ‘ಮೇರಾ’ ಎಂದು ಮಾತ್ರ ಒಮ್ಮೆಯೂ ಕೂಗಲಿಲ್ಲ. ಬಾಯಿ ಮುಚ್ಚಿ ಆಡಿದಳು. ನಿಖತಳಿಗೆ ಅದು ಆಟದ ನಡುವೆಯೇ ತಿಳಿದು, ಅವಳ ಪರವಾಗಿ ತಾನೇ ‘ಇಸ್ಕಾ, ಇಸ್ಕಾ’, ಇವಳದು ಇವಳದು, ಎಂದು ಕೂಗಿದಳು. ಕೊನೆಯ ಚೆಂಡು ನೀಮಾಳ ಕೈ ಸವರಿ ಹೊರಗೆ ಹೋಯಿತು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಅತ್ತರು, ನಕ್ಕರು. ಬೋರಮ್ ನೆಟ್ಟಿನ ಹತ್ತಿರ ಹೋಗಿ ಎದುರಾಳಿಗಳಿಗೆ ಬಾಗಿದಳು, ಅಂಪೈರರಿಗೆ ಬಾಗಿದಳು. ಆಮೇಲೆ ನೀಮಾಳ ಮುಂದೆ ನಿಂತು ಎದೆಯ ಮೇಲೆ ಕೈಯಿಟ್ಟು ಏನೋ ಹೇಳಿದಳು. ದೂರದಿಂದ ಕೇಳಿಸಲಿಲ್ಲ. ಅವಳು ತಿರುಗಿದಾಗ ನೀಮಾ ಬೆನ್ನ ಮೇಲಿನ ಹೆಸರು ನೋಡಿ ಹುಬ್ಬು ಗಂಟಿಕ್ಕಿದಳು.

ಸರಣಿಯ ಉತ್ತಮ ಆಟಗಾರ್ತಿ ಲಾಲ್ಪುಯಿ ಎಂದು ಕೂಗಿದರು. ಯಾರೂ ಬರಲಿಲ್ಲ. ಮತ್ತೆ ಕೂಗಿದರು. ‘ಹೋಗೇ ಪಗಲಿ, ನೀನೇ’ ಎಂದು ಅಖ್ತರಿ ಅವಳನ್ನು ತಳ್ಳಿದಳು. ಬೋರಮ್ ಹೋಗಿ ಎರಡೂ ಕೈಯಿಂದ ಕಪ್ಪು, ಪ್ರಶಸ್ತಿಪತ್ರ ತೆಗೆದುಕೊಂಡಳು. ನೇರವಾಗಿ ಆರಿಫಾಳ ಬಳಿ ಬಂದು, ಎರಡೂ ಕೈಯಿಂದ ಅವನ್ನು ಮುಂದೆ ಹಿಡಿದಳು.

‘ಇದು ಲಾಲ್ಪುಯಿ ಒನ್ನಿಯದು. ಅವರಿಗೆ ಕಳಿಸಿಕೊಡಿ.’

‘ಹುಚ್ಚಿ, ನೀನು ಆಡಿದ್ದು. ಇಟ್ಟುಕೋ.’

‘ಇಲ್ಲ’ ಎಂದಳು ಬೋರಮ್.

ಗುರುವಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. ಆಮೇಲೆ ಅವಳು ಕೋರ್ಟಿಗೆ ಬರಲಿಲ್ಲ.

ಕೋರ್ಟು ಉಳಿಯಿತು. ಹಿತೇಶ್ ಮಾತು ಉಳಿಸಿಕೊಂಡ. ಹಸಿರು ಟರ್ಫು ಆಚೆ ಮೂಲೆಗೆ ಹೋಯಿತು. ದೊಡ್ಡ ಚಷಕವನ್ನು ಸಂಘದ ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪೇಪರಿನಲ್ಲಿ ಎರಡು ಸಾಲು ಬಂತು, ಲಾಲ್ಪುಯಿಯ ಹೆಸರು ಹಾಕಿ.

ಕೆಲವು ದಿನ ಕಾದು ಆರಿಫಾ ಆ ಎತ್ತರದ ಕಟ್ಟಡಕ್ಕೆ ಹೋದಳು. ಬಾಗಿಲಲ್ಲಿ ಕಾವಲುಗಾರ ಖಂಡಪ್ಪ, ಅಫಜಲಪುರ ಕಡೆಯವನು, ಮಾತು ಕೇಳಿ ಊರು ಗುರುತಿಸಿದ.

‘ಯಾರ ಮನಿಗ್ರಿ ಅಕ್ಕಾರ? ಕೊರಿಯಾದವರ ಮನಿಗೇನ್ರಿ? ತಡೀರಿ, ಫೋನ್ ಹಚ್ತೀನಿ. ಛಲೋ ಮಂದಿ ಅದಾರ. ನನಗೂ ಬಗ್ಗಿ ನಮಸ್ಕಾರ ಮಾಡ್ತಾರ, ನನಗ ನಾಚಿಕಿ ಬರ್ತೈತಿ.’

ತಾಯಿ ಕೆಳಗಿಳಿದು ಬಂದಳು. ಮೇಲೆ ಕರೆಯಲಿಲ್ಲ. ಕೆಳಗಿನ ಸೋಫಾದಲ್ಲಿ ಕೂರಿಸಿ, ಬಹಳ ಮರ್ಯಾದೆಯಿಂದ, ಮಗಳಿಗೆ ಪರೀಕ್ಷೆ ಇದೆ ಎಂದಳು. ಆಮೇಲೆ, ‘ನನಗೆ ವಿಡಿಯೋ ನೋಡಿದ ಮೇಲೆ ಗೊತ್ತಾಯಿತು’ ಎಂದಳು. ‘ಅವಳ ಹಳೆಯ ಗುರುಗಳು ಅಲ್ಲಿಂದ ಫೋನು ಮಾಡಿ ಕೇಳಿದರು, ಯಾಕೆ ಬೇರೆ ಹೆಸರು, ಅಲ್ಲಿ ಏನಾದರೂ ತಪ್ಪು ಮಾಡಿದೆಯಾ ಅಂತ.’

‘ತಪ್ಪು ನನ್ನದು ಅಂತ ಹೇಳಿ’ ಎಂದಳು ಆರಿಫಾ.

‘ನಾನು ಹೇಳಿದೆ. ಗುರುಗಳ ಬಗ್ಗೆ ಹಾಗೆ ಮಾತಾಡಬಾರದು ಅಂದಳು.’

ಈಗ ಭಾನುವಾರ ಬಾಂದ್ರಾದ ಒಂದು ಹಾಲಿನಲ್ಲಿ ಕೊರಿಯಾದವರೆಲ್ಲ ಸೇರುತ್ತಾರೆ, ಪ್ರಾರ್ಥನೆ ಮುಗಿದ ಮೇಲೆ ಆಟವಿರುತ್ತದೆ, ಬೋರಮ್ ಅಲ್ಲಿ ಆಡುತ್ತಾಳೆ ಎಂದಳು ತಾಯಿ. ಅಲ್ಲಿ ಭಾಷೆಯ ಕಷ್ಟವಿಲ್ಲ.

ಆರಿಫಾ ಒಂದು ಭಾನುವಾರ ಹೋದಳು, ನವಾಜನಿಗೆ ಮಾರುಕಟ್ಟೆಗೆ ಎಂದು ಹೇಳಿ. ಬಾಗಿಲ ಬಳಿ ನಿಂತು ನೋಡಿದಳು. ನುಣುಪು ನೆಲ, ಹೊಸ ನೆಟ್ಟು, ಯಾವ ತುದಿಯೂ ಜೋತುಬಿದ್ದಿಲ್ಲ. ಹೊಟ್ಟೆ ಬಂದ ಗಂಡಸರು, ಏದುಸಿರು ಬಿಡುವ ಹೆಂಗಸರು, ಸಣ್ಣ ಮಕ್ಕಳು. ಅವರ ನಡುವೆ ಬೋರಮ್, ಚೆಂಡನ್ನು ಮೆತ್ತಗೆ ಎತ್ತಿ ಎತ್ತಿ ಮುದುಕರ ಕೈಗೆ ಬರುವ ಹಾಗೆ ಹಾಕುತ್ತಿದ್ದಳು. ಒಮ್ಮೆಯೂ ಹಾರಲಿಲ್ಲ. ಅಂಗಿಯ ಬೆನ್ನ ಮೇಲೆ ಅವರ ಲಿಪಿಯಲ್ಲಿ ಹೆಸರಿತ್ತು. ಆರಿಫಾಳಿಗೆ ಓದಲು ಬರಲಿಲ್ಲ.

ಚೆಂಡು ಉರುಳಿ ಬಾಗಿಲಿಗೆ ಬಂತು. ತೆಗೆದುಕೊಳ್ಳಲು ಬಂದ ಬೋರಮ್ ಗುರುವನ್ನು ಕಂಡು ನಿಂತಳು. ಸೊಂಟ ಬಾಗಿಸಿ ನಮಸ್ಕರಿಸಿದಳು. ಬಾಗಿದ್ದರಲ್ಲಿ ಒಂದು ಬೆರಳಿನಷ್ಟೂ ಕೊರತೆಯಿರಲಿಲ್ಲ.

‘ಕೋರ್ಟಿಗೆ ಬಾ’ ಎಂದಳು ಆರಿಫಾ. ‘ಮುಂದಿನ ವರ್ಷ ಅರ್ಜಿ ಕೊಡುತ್ತೇನೆ. ನಿನ್ನ ಹೆಸರಿನಲ್ಲಿ.’

‘ಥ್ಯಾಂಕ್ಯೂ, ಮೇಡಂ’ ಎಂದಳು ಹುಡುಗಿ. ಸೊನ್‌ಸೇಂಗ್‌ನಿಮ್ ಎನ್ನಲಿಲ್ಲ. ಚೆಂಡು ತೆಗೆದುಕೊಂಡು ಒಳಗೆ ಹೋದಳು. ಅಲ್ಲೊಬ್ಬ ಮುದುಕ ಅವಳನ್ನು ಏನೋ ಕೇಳಿದ; ಅವಳು ಅವರ ಭಾಷೆಯಲ್ಲಿ ಒಂದೇ ಮಾತಿನಲ್ಲಿ ಉತ್ತರ ಹೇಳಿ ಸರ್ವ್ ಮಾಡಿದಳು.

ಹೋಳಿಯ ಹೊತ್ತಿಗೆ ಲಾಲ್ಪುಯಿಯ ಫೋನು ಬಂತು, ಅವಳ ಊರಿನಿಂದ.

‘ಮ್ಯಾಡಮ್, ಯಾರೋ ವಿಡಿಯೋ ಕಳಿಸಿದ್ದರು. ಎಲ್ಲರೂ ನನ್ನ ಹೆಸರು ಕೂಗುತ್ತಿದ್ದಾರೆ. ನಾನು ಅಷ್ಟು ಚೆನ್ನಾಗಿ ಯಾವಾಗ ಆಡಿದ್ದೆ?’ ಎಂದು ನಕ್ಕಳು. ಆರಿಫಾ ನಗಲಿಲ್ಲ. ಲಾಲ್ಪುಯಿ ದನಿ ತಗ್ಗಿಸಿದಳು. ‘ಪ್ರಶಸ್ತಿಪತ್ರ ಇದೆಯಾ, ಮ್ಯಾಡಮ್? ಇಲ್ಲಿ ಆಟಗಾರರಿಗೆ ಕೆಲಸ ಇದೆ. ಅಲ್ಲಿ ಯಾರಿಗೂ ಅದು ಬೇಡ ಅಲ್ಲವಾ?’

ಲಾಲ್ಪುಯಿ ಕೆಟ್ಟ ಹುಡುಗಿಯಲ್ಲ. ಮಹಾದೇವಿಯೂ ಕೆಟ್ಟವಳಾಗಿರಲಿಲ್ಲ.

‘ವಿಳಾಸ ಕಳಿಸು’ ಎಂದಳು.

ಕಪ್ಪನ್ನೂ ಪ್ರಶಸ್ತಿಪತ್ರವನ್ನೂ ಹಳೆಯ ಟವೆಲಿನಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಸುತ್ತ ದಾರ ಬಿಗಿದಳು. ಏನದು ಎಂದು ಕೇಳಿದ ನವಾಜ.

‘ಉಪ್ಪಿನಕಾಯಿ’ ಎಂದಳು.

ಮರುದಿನ ಸಂಜೆ ಮೈದಾನದಲ್ಲಿ ಹೊಸ ಹುಡುಗಿಯರು ಬಂದು ಕಾಯುತ್ತಿದ್ದರು. ಗೆದ್ದ ಮೇಲೆ ಸೇರುವವರು ಹೆಚ್ಚಾಗಿದ್ದರು. ಚೆಂಡುಗಳು ಕೋರ್ಟಿನ ತುಂಬ ಬಿದ್ದಿದ್ದವು, ಹೆಕ್ಕುವವರಿರಲಿಲ್ಲ. ಸೋಮವ್ವ ಗುಡಿಸುವುದನ್ನು ನಿಲ್ಲಿಸಿ ಸೊಂಟಕ್ಕೆ ಕೈ ಕೊಟ್ಟಳು.

‘ಅಕ್ಕಾರ, ನಮ್ಮ ಬೋರವ್ವ ಯಾಕ ಬರವಲ್ಲಳು? ನನ್ನ ನಡಾ ಬಿದ್ದೋತು ನೋಡ್ರಿ.’

ಆರಿಫಾ ಚೀಲದಿಂದ ನೆಟ್ಟು ಹೊರತೆಗೆದು ಕಂಬದ ಕೊಂಡಿಗೆ ಸಿಕ್ಕಿಸಿದಳು.

‘ಊರಿಗೆ ಹೋದಳು’ ಎಂದಳು. ‘ಆ ಕಡೆ ಮೂಲಿ ಉಳದೈತಿ, ಕಸ ಹೊಡಿ.’